ಅಕ್ಕನ ಕೆನ್ನೆಯ ನಕಾಶೆ

ಸುಜಾತಾ, ಅಶೋಕಾ, ನಿಮ್ಮ ದೊಡ್ಡಾಯಿಯ ಮುಖದ ಮೇಲೆ ಹೈದರಾಬಾದಿನ ನಕಾಶೆ ಇತ್ತು ಎಂದರೆ ನಂಬುತ್ತೀರಾ? ಎರಡೂ ಕೆನ್ನೆಗಳ ತುಂಬ ಕೆಂಪು ನೂಲಿನಂಥ ಗೆರೆಗಳು. ಒಂದರಿಂದ ಒಂದು ಕವಲೊಡೆದು, ತಿರುವು ತೆಗೆದುಕೊಂಡು, ಕೊನೆಗೆ ಎಲ್ಲವೂ ಮೂಗಿನ ಮೇಲೆ ಬಂದು ದೊಡ್ಡ ಬಸ್‌ ಸ್ಟ್ಯಾಂಡಿನ ಹಾಗೆ ಒಟ್ಟಾಗುತ್ತಿದ್ದವು. ನೀವು ಆಕೆಯನ್ನು ಕಂಡಾಗ ತೀರ ಚಿಕ್ಕವರು, ನಿಮಗೆ ನೆನಪಿರಲಾರದು. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಯವರೆಗೆ ಓದಿದವಳ ಬರಹ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ದೊಡ್ಡಾಯಿ ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಭಾತಂಬ್ರಾದ ನಮ್ಮ ಮನೆಯಲ್ಲಿ ಮಾತೆಲ್ಲ ಆಕೆಯ ಪಾಲಿಗೆ, ಬಾಗಿಲ ಹಿಂದೆ ನಿಲ್ಲುವುದು ನನ್ನ ಪಾಲಿಗೆ. ಈ ಹಂಚಿಕೆಗೆ ಇಬ್ಬರಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ದೊಡ್ಡ ಬರ ಬಿತ್ತು. ಅಕ್ಕ, ಭಾವ ಇಬ್ಬರೂ ಹೈದರಾಬಾದಿಗೆ ಡಾಂಬರು ರಸ್ತೆಯ ಕೆಲಸಕ್ಕೆ ಹೋದರು. ಮೇಲೆ ಬಿಸಿಲು, ಕೆಳಗೆ ಕುದಿಯುವ ಡಾಂಬರು, ನಡುವೆ ಅಕ್ಕನ ಮುಖ. ಮಳೆ ಬಂದ ಮೇಲೆ ತಿರುಗಿ ಬಂದಾಗ ಆಕೆಯ ಗಂಟಿನಲ್ಲಿ ಏನಿತ್ತೋ, ಕೆನ್ನೆಯಲ್ಲಂತೂ ಈ ಗೆರೆಗಳಿದ್ದವು. ಆಮೇಲೆ ಎಷ್ಟೋ ವರ್ಷ ಯಾರೂ ಅವನ್ನು ವಿಚಾರಿಸಲಿಲ್ಲ. ಅಕ್ಕ ಕನ್ನಡಿ ನೋಡುತ್ತಿದ್ದುದೇ ಹಲ್ಲಿನಲ್ಲಿ ಮೆಂತ್ಯದ ಎಸಳು ಸಿಕ್ಕಿದಾಗ!

ಮತ್ತೊಂದು ಬರ ಬಂತು. ಮಾಂಜ್ರಾ ನದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಊರಿಗೆ ಟ್ಯಾಂಕರ್ ನೀರು. ಅದೇ ವರ್ಷ ಅಕ್ಕನ ಮೊಮ್ಮಗಳಿಗೆ ಔರಾದ ಕಡೆಯಿಂದ ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಸಾಲಿ ಮಾಸ್ತರ, ಹುಡುಗಿಗೂ ಮನಸ್ಸಿತ್ತು. ಎಲ್ಲ ಸರಿಯಾಗಿತ್ತು. ಒಂದು ದಿನ ಮಧ್ಯಸ್ಥಿಕೆಯವನು ಭಾಲ್ಕಿಯಿಂದ ಬಂದು, ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು ಕೇಳಿದ.

"ಸಿಟ್ಟಾಗಬ್ಯಾಡ್ರಿ. ಬೀಗರ ಪೈಕಿ ಯಾರೋ ನಿಮಗ ಭಾಲ್ಕಿ ಬಜಾರದಾಗ ನೋಡ್ಯಾರಂತ. ಮೂಗು, ಗಲ್ಲ ಎಲ್ಲಾ ಕೆಂಪು... ಮುದುಕಿ ಸಿಂಧಿ ಕುಡೀತಾಳೇನು ಅಂತ ಕೇಳ್ಯಾರ್ರಿ."

ಬಾಗಿಲ ಹಿಂದೆ ನಿಂತು ನಾನೂ ಕೇಳಿಸಿಕೊಂಡೆ. ಸಿಂಧಿ ಎಂಬ ಹೆಂಡವಿರಲಿ, ಹುಳಿ ಮಜ್ಜಿಗೆ ಕುಡಿದರೂ ತಲೆ ಸುತ್ತುತ್ತದೆ ಎನ್ನುವ ಹೆಂಗಸು ನಮ್ಮಕ್ಕ! ಆದರೆ ಆಕೆ ಜಗಳಕ್ಕೆ ನಿಲ್ಲಲಿಲ್ಲ. ಅವನು ಹೋದ ಮೇಲೆ ನನ್ನನ್ನು ಕರೆದು ಹೇಳಿದಳು. "ತಂಗಿ, ನಾ ಈ ಮಾರಿ ತಗೊಂಡು ಪೋರಿ ಬಾಜೂ ನಿಂತ್ರ ಮದಿವಿ ಮುರೀತದ. ಒಂದು ಈ ಮಾರಿ ಸುಧಾರಿಸ್ಬೇಕು. ಇಲ್ಲಂದ್ರ ಮದಿವಿ ದಿನ ನಾ ಮನ್ಯಾಗೇ ಕೂಡ್ತೇನಿ."

ಹುಟ್ಟಿದಾಗಿನಿಂದ ಎದೆಗೆ ಹಾಕಿಕೊಂಡು ಬೆಳೆಸಿದ ಮೊಮ್ಮಗಳ ಮದುವೆಗೆ ಅಜ್ಜಿಯೇ ಇಲ್ಲವೆಂದರೆ ಏನು ಚಂದ? ಹೀಗೆ ಶುರುವಾಯಿತು ಮುಖದ ಸುಧಾರಣೆ.

ಮೊದಲನೆಯದು ಬಿದರಿ ಚಿಕಿತ್ಸೆ. ನಗಬೇಡಿ, ಬೀದರಿನವರನ್ನು ಬಿಟ್ಟು ಬೇರೆ ಯಾರಿಗೂ ಇದು ಹೊಳೆಯಲು ಸಾಧ್ಯವಿಲ್ಲ. ಬಿದರಿ ಹೂದಾನಿಯನ್ನು ಕೋಟೆಯ ಹಳೆಯ ಮಣ್ಣು ಕದಡಿದ ನೀರಿನಲ್ಲಿ ಹಾಕಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಹೂವಿಗೆ ಮಾತ್ರ ಏನೂ ಆಗುವುದಿಲ್ಲ. ಅಕ್ಕನ ತರ್ಕ ನೋಡಿ. "ಆ ಮಣ್ಣಿಗಿ ಬುದ್ಧಿ ಅದ. ಯಾವುದು ಕರಿ ಮಾಡ್ಬೇಕು, ಯಾವುದು ಬಿಡ್ಬೇಕು ಅಂತ ಗೊತ್ತದ. ಕೆಂಪು ಗೆರಿ ಕರಿ ಆದ್ರ ಸಾಕು, ಮುಪ್ಪಿನ ಗೆರಿ ಅಂತಾರ. ಮುಪ್ಪಾಗ್ಯಾಳ ಅಂದ್ರ ಮರ್ಯಾದಿ ಹೋಗಂಗಿಲ್ಲ!"

ಬಿದರಿ ಕೆಲಸದ ಪರಿಚಯಸ್ಥರೊಬ್ಬರ ಮನೆಯಿಂದ ಒಂದು ಮುಷ್ಟಿ ಮಣ್ಣು ತಂದಳು. ಕಲಸಿ ಬಳಿದುಕೊಂಡು ಅಂಗಳದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಮುಖ ನಮ್ಮೂರ ಕೆರೆಯ ಹಾಗೆ ಬಿರುಕುಬಿಟ್ಟಿತು. ತೊಳೆದರೆ ಗೆರೆಗಳು ಇನ್ನಷ್ಟು ಕೆಂಪಾಗಿ ಹೊಳೆಯುತ್ತಿದ್ದವು! "ಬರೋಬರಿ ಅದ," ಎಂದಳು ಅಕ್ಕ ಕನ್ನಡಿ ಹಿಡಿದು, "ಮಣ್ಣು ಇದನ್ನ ಬೆಳ್ಳಿ ಅಂತ ತಿಳ್ಕೊಂಡದ."

ಆಗ ಮೊಮ್ಮಗಳು ಮೊಬೈಲ್ ತೋರಿಸಿ ಲೇಸರ್ ಎಂಬ ಮಾತು ಹೇಳಿದಳು. ಬೆಳಕು ಹಾಯಿಸಿ ಗೆರೆ ತೆಗೆಯುತ್ತಾರಂತೆ. ಮರುದಿನವೇ ಅಕ್ಕ ಬೀದರಿಗೆ ಹೊರಟಳು, ಜೊತೆಗೆ ನಾನು. ನಾನೇಕೆ ಎಂದು ದವಾಖಾನೆಗೆ ಹೋಗುವವರೆಗೂ ನನಗೆ ತಿಳಿಯಲಿಲ್ಲ. ಚರ್ಮದ ಡಾಕ್ಟರು ಬೆಂಗಳೂರು ಕಡೆಯ ಎಳೆಯ ಹುಡುಗ.

"ಏನು ತೊಂದರೆ ಅಮ್ಮಾ?"

"ತೊಂದ್ರಿ ನನಗಿಲ್ರಿ, ನೋಡೋರಿಗದ."

"ನೋವಿದೆಯಾ? ಉರಿ?"

"ಇಲ್ರಿ. ಹೆಸರು ಕೆಡ್ಲಕತ್ತದ, ಅದಷ್ಟೇ." ಹೀಗೆಂದವಳೇ ನನ್ನ ಸೆರಗು ಸರಿಸಿ, ನನ್ನ ಗಲ್ಲ ಹಿಡಿದು ಅವರ ಕಡೆಗೆ ತಿರುಗಿಸಿದಳು. "ಇಂಥಾವು ಮಾಡಿಕೊಡ್ರಿ."

ನೋಡಿದಿರಾ? ಟೇಲರ್ ಬಳಿ ಅಳತೆಯ ಜಂಪರ್ ಒಯ್ಯುವ ಹಾಗೆ ನನ್ನನ್ನು ಒಯ್ದಿದ್ದಳು! ನಾನು ನಾಚಿಕೆಯಿಂದ ನೆಲ ನೋಡಿದೆ. ಆ ಹೊತ್ತಿಗೆ ಅಳತೆಯ ಜಂಪರ್ ಕೂಡ ಕೆಂಪಾಗಿತ್ತು.

ಡಾಕ್ಟರು ಪಾಪ, ತಾಳ್ಮೆಯಿಂದ ಹೇಳಿದರು. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಬಿಸಿಲಿಗೆ ಹಿಗ್ಗಿವೆ, ಅಪಾಯವೇನಿಲ್ಲ. ಬೇಕಿದ್ದರೆ ಲೇಸರ್ ಬೆಳಕಿನಿಂದ ಮುಚ್ಚಬಹುದು, ಕೆಲವು ಸಲ ಬರಬೇಕಾಗುತ್ತದೆ.

"ಬಿಸಿಲೂ ಬೆಳಕೇ ಅಲ್ಲೇನ್ರಿ ಡಾಕ್ಟರ? ಬೆಳಕು ಬರೆದದ್ದು ಬೆಳಕೇ ಅಳಸ್ತದಾ?"

"ಇದು ಬೇರೆ ಥರದ ಬೆಳಕು ಅಮ್ಮಾ. ಕೆಂಪು ಎಲ್ಲಿದೆಯೋ ಅಲ್ಲೇ ಹೋಗಿ ಕೆಲಸ ಮಾಡುತ್ತೆ."

ಅಕ್ಕ ಗಾಬರಿಯಾಗಿ ತನ್ನ ಮೈ ನೋಡಿಕೊಂಡಳು. "ಅಯ್ಯ! ನಾ ಕೆಂಪು ಸೀರಿ ಉಟ್ಕೊಂಡು ಬಂದೀನಲ್ರಿ! ತಂಗಿ, ನಿನ್ನ ಶಾಲು ಕೊಡು ಜಲ್ದಿ!"

ಇವತ್ತು ಏನೂ ಮಾಡುವುದಿಲ್ಲ, ಯೋಚಿಸಿ ಮುಂದಿನ ವಾರ ಬನ್ನಿ ಎಂದು ಡಾಕ್ಟರು ನಗು ತಡೆದುಕೊಂಡು ಹೇಳಿದರು. ಆಮೇಲೆ ಪಥ್ಯ. ಲೇಸರ್ ಆದ ಮೇಲೆ ಬಿಸಿಲಿಗೆ ಹೋಗಬಾರದು, ಒಲೆಯ ಝಳ ತಾಗಬಾರದು, ಖಾರ ಕಡಿಮೆ ತಿನ್ನಬೇಕು. ಅಕ್ಕ ಬಾಯಿ ತೆರೆದು ಕೇಳುತ್ತಿದ್ದಳು.

"ಬಿಸಿಲಿಗಿ ಹೋಗಬಾರ್ದು, ಒಲಿ ಮುಂದ ಕೂಡಬಾರ್ದು! ಡಾಕ್ಟರ, ನಾ ಸೊಸಿಯಾಗಿ ಬಂದಾಗ ನೀವು ಎಲ್ಲಿದ್ದಿರಿ? ಆಗ ಇದನ್ನ ಒಂದು ಚೀಟಿಮ್ಯಾಲ ಬರಕೊಟ್ಟಿದ್ರ ನಮ್ಮ ಅತ್ತಿಗಿ ತೋರಿಸ್ತಿದ್ನಲ್ರಿ!"

ಊರಿಗೆ ಬಂದವಳೇ ಪಥ್ಯದ ತಾಲೀಮು ಶುರುಮಾಡಿದಳು. ಟ್ಯಾಂಕರ್ ಬಂದಾಗ ಭಾವನವರ ಹಳೆಯ ಕರಿಕೊಡೆ ಬಿಚ್ಚಿ, ಕೊಡದ ಸಾಲಿನಲ್ಲಿ ಹೋಗಿ ನಿಂತಳು. ಭಾವ ತೀರಿದ ಮೇಲೆ ಅದು ಮೊಳೆಗೆ ತೂಗಿಕೊಂಡೇ ಇತ್ತು. ಊರಿನಲ್ಲಿ ಕೊಡೆ ಬಿಚ್ಚಿದ್ದನ್ನು ನೋಡಿ ಜನಕ್ಕೆ ಎಷ್ಟು ಕಾಲವಾಗಿತ್ತೋ! ಒಬ್ಬಳು ಓಡಿಹೋಗಿ ಒಣಹಾಕಿದ್ದ ಮೆಣಸಿನಕಾಯಿ ಒಳಗೆ ತಂದಳು. ಅವಳನ್ನು ನೋಡಿ ಮತ್ತೊಬ್ಬಳು ಶಾವಿಗೆ ಎತ್ತಿದಳು. ಒಬ್ಬ ಮುದುಕ ಆಕಾಶ ನೋಡುತ್ತ ಓಣಿಯ ನಡುವೆ ನಿಂತೇಬಿಟ್ಟ. ಸಂಜೆಗೆ ಪಕ್ಕದ ಮನೆಯವಳು ಬಂದು ಹೇಳಿದಳು. "ಯಕ್ಕಾ, ಪುಣಿಗಿ ದುಡಿಲಾಕ ಹೋದ ನಮ್ಮ ಹುಡುಗ ಫೋನ್ ಮಾಡಿದ್ದ. ಊರಾಗ ಮಳಿ ಮೋಡ ಆಗ್ಯದಂತಲ್ಲ, ಸಾಮಾನು ಕಟ್ಲೇನು ಅಂತ ಕೇಳ್ಲಕತ್ತಾನ."

ಅಕ್ಕ ಕೊಡೆ ಮಡಿಸಿ ಮೊಳೆಗೆ ಹಾಕಿದಳು. ಮತ್ತೆ ಬಿಚ್ಚಲಿಲ್ಲ.

ಲೇಸರ್‌ಗೆ ಹೋಗುವ ದಿನ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಔರಾದಿನಿಂದ ಬೀಗರು ಬರುತ್ತಾರೆಂದು ಸುದ್ದಿ ಬಂತು, ಹುಡುಗನ ಅಜ್ಜಿಯೂ ಬರುತ್ತಾಳಂತೆ. ಆ ಮನೆಯಲ್ಲಿ ಆಕೆಯ ಮಾತೇ ಕೊನೆಯ ಮಾತು ಎಂದು ಮಧ್ಯಸ್ಥಿಕೆಯವನು ಮೊದಲೇ ಹೆದರಿಸಿದ್ದ. ಅಕ್ಕ ಒಳಗೇ ಕೂಡುತ್ತೇನೆ ಎಂದಳು. ಮೊಮ್ಮಗಳು ಬಿಡಲಿಲ್ಲ. "ನೀ ಹೊರಗ ಬರ್ದಿದ್ರ ನಾನೂ ಬರಂಗಿಲ್ಲ, ಆಯಿ!" ಕೊನೆಗೆ ಅಕ್ಕ ಮೊಮ್ಮಗಳ ಪೌಡರ್ ಡಬ್ಬಿಯನ್ನು ಮುಖದ ಮೇಲೆ ಬೋರಲು ಹಾಕಿಕೊಂಡು ಹೊರಗೆ ಬಂದಳು. ಗೋಡೆಗೆ ಸುಣ್ಣ ಹೊಡೆದ ಹಾಗಿತ್ತು!

ಆ ಅಜ್ಜಿ, ನಮ್ಮ ಬೀಗತಿ, ಜೀಪಿನಿಂದ ಇಳಿದಳು. ತಲೆಯ ಸೆರಗನ್ನು ಹುಬ್ಬಿನ ಕೆಳಗೆ ಎಳೆದುಕೊಂಡಿದ್ದಳು. ನಗುವಿಲ್ಲ, ಮಾತಿಲ್ಲ. ನಮ್ಮಲ್ಲಿ ಬಂದವರಿಗೆ ಮೊದಲು ಕೈಕಾಲು ಮುಖಕ್ಕೆ ನೀರು ಕೊಡಬೇಕಲ್ಲ? ಬರವಿರಲಿ, ಏನೇ ಇರಲಿ. ಅಕ್ಕ ತಂಬಿಗೆ ತುಂಬ ನೀರು ಕೊಟ್ಟಳು.

"ಇಷ್ಟ್ಯಾಕ್ರಿ? ನೀರಿಲ್ಲದ ದಿನ," ಎಂದಳು ಬೀಗತಿ.

"ನೀವು ಬಂದೀರಿ. ಮಾರಿ ತೊಳ್ಕೋರಿ."

ಬೀಗತಿ ಸ್ವಲ್ಪ ಹೊತ್ತು ತಂಬಿಗೆ ಹಿಡಿದು ನಿಂತಳು. ಕೊಟ್ಟ ನೀರು ಬೇಡವೆಂದರೆ ಮನೆಯವರಿಗೆ ಅವಮಾನ. ಸೆರಗು ಸರಿಸಿ ಮುಖಕ್ಕೆ ಎರಚಿಕೊಂಡಳು. ಬಿಳಿಯ ನೀರು ಇಳಿಯಿತು. ಆಕೆಯದೂ ಪೌಡರ್! ಅದರ ಕೆಳಗೆ ಎರಡೂ ಕೆನ್ನೆಗಳ ತುಂಬ ಕೆಂಪು ನೂಲಿನ ಗೆರೆಗಳು.

ಅಕ್ಕ ಆಕೆಯ ಕೈಯಿಂದ ತಂಬಿಗೆ ತೆಗೆದುಕೊಂಡು, ಉಳಿದ ನೀರಿನಲ್ಲಿ ತನ್ನ ಮುಖ ತೊಳೆದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಎಲ್ಲಿಗಿ ಹೋಗಿದ್ರಿ?" ಎಂದಳು ಬೀಗತಿ.

"ಹೈದರಾಬಾದ್. ಡಾಂಬರ್ ರೋಡ್. ನೀವು?"

"ಪುಣಿ. ಇಟ್ಟಂಗಿ ಭಟ್ಟಿ."

"ಅದಕ್ಕೇ ನಿಮಗ ಗಲ್ಲ ಜಾಸ್ತಿ ಕೆಂಪ ಆಗ್ಯದ."

"ಹೌದ್ರಿ. ಡಾಂಬರಿನೋರಿಗಿ ಮೂಗು."

ಹೀಗೆ ಇಬ್ಬರೂ ಜೋಳದ ತೆನೆ ಪರೀಕ್ಷಿಸುವವರ ಹಾಗೆ ಒಬ್ಬರ ಮುಖ ಒಬ್ಬರು ಹಿಡಿದು ನೋಡತೊಡಗಿದರು! ಮದುವೆಯ ಮಾತು ಆಡಲು ಬಂದ ಗಂಡಸರು ಟೋಪಿ ತೆಗೆದು ಹಾಕಿ ಮಾಡುತ್ತ ಕುಳಿತಿದ್ದರು. ಲೇಸರ್ ವಿಷಯ ಬಂತು. ಬೀಗತಿ ಅಕ್ಕನ ಕಿವಿಯ ಹತ್ತಿರ ಬಂದು ಕೇಳಿದಳು. "ಇಬ್ಬರೂ ಕೂಡಿ ಹೋದ್ರ ಡಾಕ್ಟರ ಕಮ್ಮಿ ಮಾಡ್ತಾನೇನ್ರಿ?"

ಆಮೇಲೆ ಆಕೆಯ ಕಣ್ಣು ಬಾಗಿಲ ಹಿಂದಿದ್ದ ನನ್ನ ಮೇಲೆ ಬಿತ್ತು. "ಇವರು ಹೋಗಿದ್ದಿಲ್ಲೇನು? ಗಲ್ಲ ಬೆಣ್ಣಿ ಇದ್ದಂಗ ಅವ."

ನಾನು ತಲೆ ತಗ್ಗಿಸಿದೆ. ಅಕ್ಕ ಬಂದು ನನ್ನ ಭುಜ ಹಿಡಿದು ಹೊರಗೆ ಕರೆತಂದಳು.

"ಆಗ ಈಕಿ ತೊಡಿಮ್ಯಾಲ ಹಾಲು ಕುಡಿಯೋ ಕೂಸು ಇತ್ರಿ. ನನ್ನ ಮಗನ್ನೂ ಈಕಿ ಹತ್ರನೇ ಬಿಟ್ಟು ಹೋಗಿದ್ದೆ. ನಾ ತಿರುಗಿ ಬಂದಾಗ ಅವ ನನಗ ಗುರುತೇ ಹಿಡಿಲಿಲ್ಲ, ಈಕಿಗೇ ಅವ್ವ ಅಂತಿದ್ದ. ಇವತ್ತು ಅವನ ಮಗಳದೇ ಮದಿವಿ ಮಾತು. ನಮ್ಮ ಮನಿಯಾಗ ಇಬ್ಬರ ಬಿಸಿಲು ನಾ ಉಂಡೀನಿ, ಇಬ್ಬರ ಮಕ್ಕಳಿಗಿ ಈಕಿ ಉಣಿಸ್ಯಾಳ. ಲೆಕ್ಕ ಸರಿ ಅದ."

ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತರೂ ಆಕೆ ಈ ಮಾತನ್ನು ನನಗೆ ಹೇಳಿರಲಿಲ್ಲ. ಅಂದು ಪರರ ಮುಂದೆ ಹೇಳಿದಳು. ನಾನು ಆಕೆಯ ಸೆರಗಿನ ತುದಿ ಹಿಡಿದುಕೊಂಡು ನಿಂತೆ.

ಮಕ್ಕಳೇ, ನನ್ನ ತೊಡೆಯ ಮೇಲಿದ್ದ ಆ ಕೂಸೇ ನಿಮ್ಮ ಅಪ್ಪ.

ಲೇಸರ್‌ಗೆ ಯಾರೂ ಹೋಗಲಿಲ್ಲ. ಮದುವೆಯ ದಿನ ಅಕ್ಕ ಮೊಮ್ಮಗಳ ಮಗ್ಗುಲಲ್ಲೇ ನಿಂತಳು, ಆ ಕಡೆ ಬೀಗತಿ. ಇಬ್ಬರೂ ಪೌಡರ್ ಹಚ್ಚಿರಲಿಲ್ಲ. ತಿಂಗಳಾದ ಮೇಲೆ ಫೋಟೋದವನು ಆಲ್ಬಂ ತಂದುಕೊಟ್ಟ. ತೆರೆದು ನೋಡಿದರೆ ಅವನು ಕಂಪ್ಯೂಟರಿನಲ್ಲಿ ಇಬ್ಬರು ಮುದುಕಿಯರ ಕೆನ್ನೆಗಳನ್ನೂ ನುಣ್ಣಗೆ ಒರೆಸಿಬಿಟ್ಟಿದ್ದ, ಅದೂ ಉಪಕಾರ ಎಂದುಕೊಂಡು! ಅಕ್ಕ ಬಹಳ ಹೊತ್ತು ಫೋಟೋ ನೋಡಿದಳು. "ಇವರ್ಯಾರು, ತಂಗಿ?" ಎಂದಳು.

ಈಗ ಅಕ್ಕ ಇಲ್ಲ. ಗೋಡೆಯ ಮೇಲಿರುವುದೂ ಅದೇ ನುಣ್ಣನೆಯ ಫೋಟೋ. ಆ ಕೆಂಪು ಗೆರೆಗಳು ಈಗ ಎಲ್ಲೂ ಇಲ್ಲ, ನಾನು ಬರೆದ ಈ ಹಾಳೆಗಳಲ್ಲಿ ಬಿಟ್ಟರೆ. ಸುಜಾತಾ, ಅಶೋಕಾ, ಇವನ್ನು ನೀರು ತಾಗದ ಕಡೆ ಜೋಪಾನವಾಗಿ ಇಡಿರಪ್ಪಾ.