ಮಾವ ಆಡದೆ ಬಿಟ್ಟ ಆಟಗಳು

ನಮ್ಮ ಬಂಟ್ವಾಳದ ಕಡೆ ಸತ್ತವರು ಸುಮ್ಮನೆ ಇರುವವರಲ್ಲ. ಒಬ್ಬರಿಗೆ ಕೋಳಿ ಬೇಕು, ಒಬ್ಬರಿಗೆ ಶೇಂದಿ ಬೇಕು, ಸಿಗದಿದ್ದರೆ ದನ ಹಾಲು ಕೊಡುವುದಿಲ್ಲ. ಮನೆಮನೆಯಲ್ಲೂ ಇದ್ದದ್ದೇ. ಆದರೆ ನಮ್ಮ ಮನೆಯಲ್ಲಿ ಆದಂಥದ್ದು ಬೇರೆಲ್ಲಿಯೂ ಆದದ್ದು ನಾನು ಕೇಳಿಲ್ಲ ಮಾರಾಯ್ರೆ.

ಅರ್ಧ ಕ್ರಯ

ಅಮ್ಮನ ತಮ್ಮ, ಅಂದರೆ ನನ್ನ ಮಾವ, ಗಲ್ಫಿನ ಕೆಲಸ ಬಿಟ್ಟು ಬಂದು ನರಿಕೊಂಬಿನ ನಮ್ಮ ಮನೆಯಲ್ಲೇ ಉಳಿದರು. ಮದುವೆ ಆಗಿರಲಿಲ್ಲ. ತೊಂಬತ್ತರ ದಶಕದ ಕೊನೆ ಅದು. ಬರುವಾಗ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದಿದ್ದರು. ಪೇಟೆಯಲ್ಲಿ ಗಲ್ಫ್ ಸಾಮಾನು ಮಾರುವ ಕಾಕ ಒಬ್ಬರು ಅದರ ಕ್ಯಾಸೆಟ್‌ಗಳನ್ನು ಆಗಾಗ ಅರ್ಧ ಕ್ರಯಕ್ಕೆ ಹಾಕುವುದು, ಮಾವ ಚೀಲ ತುಂಬ ತರುವುದು. ಆಡುವುದು ಮಾತ್ರ ಇಲ್ಲ. ಕೇಳಿದರೆ, "ಪುರುಸೊತ್ತಿನಲ್ಲಿ ಆಡುವ ಮಾರಾಯ, ಎಲ್ಲಿಗೆ ಓಡಿ ಹೋಗ್ತದೆ ಅದು?" ಕಪಾಟು ತುಂಬಿತು, ಮಂಚದ ಅಡಿ ತುಂಬಿತು, ಕೊನೆಗೆ ಹಪ್ಪಳದ ಡಬ್ಬದೊಳಗೂ ಕ್ಯಾಸೆಟ್.

ಒಂದು ದಿನ ಅಮ್ಮ ಬಂಗುಡೆ ತರಲು ಕಳಿಸಿದರೆ ಮೂರು ಕ್ಯಾಸೆಟ್ ಹಿಡಿದುಕೊಂಡು ಬಂದರು.

"ಅರ್ಧ ಕ್ರಯಕ್ಕೆ ಸಿಕ್ಕಿತು, ಅಕ್ಕ."

"ಮೀನೆಲ್ಲಿ?"

"ಮೀನಿಗೆ ಡಿಸ್ಕೌಂಟ್ ಇರಲಿಲ್ಲ."

ಬಾಟ್ಲಿ

ಮಾವ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಉತ್ತರಕ್ರಿಯೆ ಮುಗಿದ ಮಾರನೆಯ ದಿನದಿಂದ ಬೀಗ ಹಾಕಿದ ಅವರ ಕೋಣೆಯಲ್ಲಿ ಟಿಕ್ ಟಿಕ್ ಟಿಕ್ ಅಂತ ಸದ್ದು. ಇಲಿ ಅಂದೆವು, ಹಲ್ಲಿ ಅಂದೆವು. ಬಾಗಿಲು ತೆರೆದರೆ ನಿಲ್ಲುತ್ತದೆ, ಮುಚ್ಚಿದರೆ ಶುರು. ಅಮ್ಮ ಅನ್ನ ಬಿಟ್ಟರು. "ನನ್ನ ತಮ್ಮನಿಗೆ ಗತಿ ಸಿಗಲಿಲ್ಲ" ಅಂತ ಒಂದೇ ಅಳು.

ಕವಡೆ ಇಟ್ಟು ಪ್ರಶ್ನೆ ನೋಡುವ ಬಲ್ಯಾಯರ ಹತ್ತಿರ ಹೋದೆವು. "ತಂದಿಟ್ಟದ್ದನ್ನು ಮುಗಿಸದೆ ಹೋಗಿದ್ದಾನೆ. ಮನೆಯವರು ಮುಗಿಸಿಕೊಡಬೇಕು. ಇಲ್ಲದಿದ್ದರೆ ಅವನಿಗೆ ದಾರಿ ಇಲ್ಲ" ಅಂದರು.

ಹುಡುಕಿದಾಗ ಕಪಾಟಿನಲ್ಲಿ ಅರ್ಧ ಉಳಿದ ಫಾರಿನ್ ಬಾಟ್ಲಿ ಸಿಕ್ಕಿತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೈಮುಗಿದು, "ಈ ಜವಾಬ್ದಾರಿ ನನಗಿರಲಿ" ಅಂತ ಕೂತ ಕೂತಲ್ಲೇ ಮುಗಿಸಿದರು. ಸದ್ದು ನಿಲ್ಲಲಿಲ್ಲ. ಚಿಕ್ಕಪ್ಪ, "ಇನ್ನೊಂದು ಬಾಟ್ಲಿ ಇರಬೇಕು, ಸರಿಯಾಗಿ ಹುಡುಕುವ" ಅಂದರು.

ಹೆಬ್ಬೆರಳು

ಕ್ಯಾಸೆಟ್‌ಗಳ ರಾಶಿ ನೋಡಿ ಅಮ್ಮನಿಗೆ ಹೊಳೆಯಿತು, ಮುಗಿಸದೆ ಹೋದದ್ದು ಇದನ್ನೇ. ಆಡಿ ಮುಗಿಸುವ ಕೆಲಸ ಅಳಿಯನಾದ ನನ್ನ ತಲೆಗೆ ಬಂತು. ನಾನು ಮೂವತ್ತೈದು ದಾಟಿದ ಪೋಸ್ಟಾಫೀಸು ಗುಮಾಸ್ತ, ಲೂಡೋ ಸಹ ಆಡಿದವನಲ್ಲ. ದಿನಾ ಸಂಜೆ ಕೂತು ಜಾಯ್‌ಸ್ಟಿಕ್ ಒತ್ತಿ ಒತ್ತಿ ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತು. ನಾನು ತಪ್ಪಿದಾಗಲೆಲ್ಲ ಬೆನ್ನ ಹಿಂದೆ ಯಾರೋ "ಛೆ!" ಅಂದ ಹಾಗೆ. ತಿರುಗಿದರೆ ಖಾಲಿ ಕುರ್ಚಿ. ಅದೂ ಮೊದಲಿಗಿಂತ ಒಂದು ಗೇಣು ಹತ್ತಿರ. ಎದ್ದು ಓಡುವ ಅನಿಸಿತು. ಆದರೆ ಅಮ್ಮನ ಮುಖ ನೋಡಿ ಬಿಡಲಿಕ್ಕೂ ಮನಸ್ಸಿಲ್ಲ.

ಆಫೀಸಿನಲ್ಲಿ ಪೋಸ್ಟ್ ಮಾಸ್ಟರು ನನ್ನ ಬೆರಳಿನ ಪಟ್ಟಿ ನೋಡಿ ಎಲ್ಲರನ್ನೂ ಕರೆದರು. "ನೋಡಿ, ಠಸ್ಸೆ ಹೊಡೆದೂ ಹೊಡೆದೂ ಬೆರಳು ಒಡೆದುಕೊಂಡಿದ್ದಾರೆ. ಕೆಲಸ ಅಂದರೆ ಇದು!"

ಅಗೇಲು

ವರ್ಷಕ್ಕೊಮ್ಮೆ ಸತ್ತವರಿಗೆ ಅವರ ಇಷ್ಟದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ನಾವು ಹೊರಗೆ ನಿಲ್ಲುವ ಕ್ರಮ ಉಂಟು. ಅದೇ ಅಗೇಲು. ಅಮ್ಮ ಕೋಳಿ ಸಾರು, ರೊಟ್ಟಿ ಬಡಿಸಿ, ಪಕ್ಕದಲ್ಲಿ ಗೇಮನ್ನೂ ಹಾಕಿಟ್ಟರು. ಚಿಲಕ ಹಾಕಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಾರು ಓಡುವ ಶಬ್ದ. ಬಾಗಿಲು ತೆರೆದರೆ ಟಿ.ವಿ.ಯಲ್ಲಿ ಕಾರು ತನ್ನಷ್ಟಕ್ಕೆ ತಿರುವು ತಿರುಗುತ್ತಾ ಓಡುತ್ತಿದೆ! ಅಮ್ಮ ಕೈಮುಗಿದರು.

ಯಾರೂ ಮುಟ್ಟದಿದ್ದರೆ ಗೇಮ್ ಹಾಗೆಯೇ ತಾನಾಗಿ ಆಡಿ ತೋರಿಸ್ತದೆ ಅಂತ ನನಗೆ ಗೊತ್ತಿತ್ತು. ಹೇಳುವ ಅಂತ ಬಾಯಿ ತೆರೆದವನು ಜಾಯ್‌ಸ್ಟಿಕ್ ನೋಡಿ ಹಾಗೇ ನಿಂತೆ. ಅದರ ಮೇಲೆಲ್ಲ ಕೋಳಿ ಸಾರು.

ಅಮ್ಮನೂ ನೋಡಿದರು. "ಸತ್ತ ಮೇಲಾದರೂ ಕೈ ತೊಳೆಯಬಾರದಾ ಇವನಿಗೆ!"

ಕೊನೆಯ ಪ್ರಶ್ನೆ

ಎರಡು ವರ್ಷದಲ್ಲಿ ಕೊನೆಯ ಕ್ಯಾಸೆಟ್ಟೂ ಮುಗಿಯಿತು. ತಮ್ಮನಿಗೆ ಈಗಲಾದರೂ ಗತಿ ಸಿಕ್ಕಿತಾ ಅಂತ ಅಮ್ಮನಿಗೆ ಒಂದೇ ಚಿಂತೆ. ಮತ್ತೆ ಬಲ್ಯಾಯರಲ್ಲಿಗೆ ಹೋದೆವು. ಅವರು ಕವಡೆ ಹರಡಿ ಎರಡೆರಡು ಸಲ ಎಣಿಸಿದರು.

"ದಾರಿ ತೆರೆದುಂಟು. ಆದರೆ ಅವನು ಹೊರಡುವುದಿಲ್ಲ ಅಂತ ಕೂತಿದ್ದಾನೆ."

"ಅಯ್ಯೋ ದೇವರೇ, ಇನ್ನೆಂತ ಕೊರತೆ ಅವನಿಗೆ?"

"ಕೊರತೆ ಎಂತದೂ ಇಲ್ಲಮ್ಮ. ಅಳಿಯ ಆಡುವುದನ್ನು ಹಿಂದೆ ಕೂತು ನೋಡುವುದೇ ಅವನಿಗೆ ಖುಷಿ. ಕಾಕನ ಅಂಗಡಿಯಲ್ಲಿ ಹೊಸ ಮಾಲು ಬಂದುಂಟು ಅಂತ ಹೇಳ್ತಾ ಇದ್ದಾನೆ."

ಬಲ್ಯಾಯರ ಹತ್ತಿರ ನಾವು ಕಾಕನ ಸುದ್ದಿಯನ್ನೇ ಎತ್ತಿರಲಿಲ್ಲ.

ಎರಡು ವರ್ಷ ತಮ್ಮನನ್ನು ಕಳಿಸಿಕೊಡಲು ಒದ್ದಾಡಿದ ಅಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. "ಹಾಗಾದರೆ ಇರಲಿ ಬಿಡಿ. ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗ್ತಾನೆ, ಪಾಪ!"

ಮತ್ತೆ ನನ್ನ ಕಡೆ ತಿರುಗಿದರು. "ನೀನೆಂತ ಕಣ್ಣು ಬಿಟ್ಟು ಕೂತದ್ದು? ಕಾಕ ಅಂಗಡಿ ಮುಚ್ಚುವ ಮೊದಲು ಹೋಗಿ ತಾ!"