ಮೀನಿಗೆ ಎಂಜಲಾಗಬಾರದು

ನಮ್ಮ ಕಾಕಾ ಅರವತ್ತಾರು ವರ್ಷಗಳಿಂದ ನೀರು ಕುಡಿಯುತ್ತಿದ್ದಾರೆ. ಇವತ್ತಿನವರೆಗೆ ಯಾವ ಲೋಟಕ್ಕೂ ಅವರ ತುಟಿಯ ಪರಿಚಯವಾಗಿಲ್ಲ. ಲೋಟ ಗೇಣುದ್ದ ಮೇಲೆ, ಬಾಯಿ ಕೆಳಗೆ, ನಡುವೆ ಒಂದು ಸಣ್ಣ ಜಲಪಾತ. ಎಂಜಲೆಂದರೆ ಅಷ್ಟು ಹೇಸಿಗೆ. ಹಸುಗೂಸಾಗಿದ್ದಾಗ ಏನು ಮಾಡುತ್ತಿದ್ದರೋ, ಕೇಳುವ ಧೈರ್ಯ ನನಗಿಲ್ಲ.

ಇಂಥವರು ಮೀನಿನ ತೊಟ್ಟಿಗೆ ಸೈಫನ್ ಕಟ್ಟಲು ಹೊರಟರು!

ಕಾರಣ ಅವರ ಹೆಂಡತಿ, ನಮ್ಮ ಕಾಕು. ಸೊಂಟದ ಮೂಳೆ ಮುರಿದು, ಕಾಚಿಗೂಡದ ಬಾಡಿಗೆ ಮನೆಯ ಹಾಲ್‌ನಲ್ಲಿ ಮಂಚ ಹಿಡಿದಿದ್ದರು. ಮಾತೇ ನಿಂತಿತ್ತು. ಕಾಕಾ ಗಾಜಿನ ತೊಟ್ಟಿಯನ್ನೂ ಆರು ಮೀನುಗಳನ್ನೂ ತಂದು ಮಂಚದ ಎದುರಿಗಿಟ್ಟರು. ಕಾಕು ಅವಕ್ಕೆ ತಮ್ಮ ನಾದಿನಿಯರ ಹೆಸರಿಟ್ಟು ದಿನವಿಡೀ ಬೈಯತೊಡಗಿದರು. ಮನೆಗೆ ಜೀವ ಬಂತು.

ನೀರು ತಿಳಿಯಾಗಿರಬೇಕಲ್ಲ? ತೊಟ್ಟಿಯ ಕೆಳಗೆ ಡ್ರಮ್, ಡ್ರಮ್ಮಿನಲ್ಲಿ ನೀರು ಸೋಸುವ ಸ್ಪಂಜು. ಸೋಸಿದ ನೀರನ್ನು ಮೋಟರ್ ಮೇಲಕ್ಕೆ ತಳ್ಳುತ್ತದೆ. ತೊಟ್ಟಿಯ ಅಂಚು ಹತ್ತಿ ಇಳಿಯುವ ಪಿವಿಸಿ ಪೈಪು, ಅದೇ ಸೈಫನ್, ಹೆಚ್ಚಾದದ್ದನ್ನು ಕೆಳಕ್ಕೆಳೆಯುತ್ತದೆ. ಇದು ಕಾಕಾರ ಯೋಜನೆ. ಪೈಪು ಕೊಳ್ಳಲು ಹೋದಾಗ ಅಂಗಡಿಯವನು ಕೇಳಿದ:

"ಪಖಾನೇ ಕಾ ಹೈ ಕ್ಯಾ, ಚಚ್ಚಾ?"

"ನಹೀಂ ಜೀ, ಮಛಲೀ ಕಾ."

ಅವನು ಅಳತೆ ಟೇಪು ಕೆಳಗಿಟ್ಟ. "ಮಛಲೀ ಕೂ ಬೀ ಪಖಾನಾ ಹೋನಾ ಕ್ಯಾ?"

ಮೀನಿಗೂ ಸಂಡಾಸು ಕಟ್ಟಿಸುವ ಮಹಾನುಭಾವರ ಜೊತೆ ನಾನು ತಲೆ ತಗ್ಗಿಸಿ ಮನೆಗೆ ಬಂದೆ.

ಪೈಪು ಜೋಡಿಸಿದ ಮೇಲೆ ಗೊತ್ತಾಯಿತು, ಒಳಗಿನ ಗಾಳಿ ಹೀರಿ ತೆಗೆಯದಿದ್ದರೆ ಅದು ನೀರೆಳೆಯುವುದಿಲ್ಲ. ಎಲ್ಲರೂ ಬಾಯಿ ಇಟ್ಟು ಹೀರುತ್ತಾರೆ. ಕಾಕಾ?

"ಬಾಯಿ ಹಚ್ಚಿದ್ರ ತೊಟ್ಟಿ ಪೂರಾ ಎಂಜಲಾಗ್ತೈತಿ. ಪಾಪ, ಆರು ಜೀವ ಅದನ್ನ ಕುಡೀಬೇಕು."

"ಕಾಕಾ, ಆ ನೀರಾಗ ಅವು ಏನೇನು ಮಾಡ್ತಾವು ಗೊತ್ತೈತೇನ್ರಿ?"

"ಅದು ಅವರ ಮನಿ ವಿಚಾರ. ನಾವು ಬಾಯಿ ಹಾಕಬಾರದು."

ಕೊನೆಗೆ ಶಂಶಾಬಾದಿನ ದನದ ಡಾಕ್ಟರರಿಂದ ದಪ್ಪನೆಯ ಸಿರಿಂಜು ಬಂತು. ಪೈಪಿನ ನೆತ್ತಿಗೆ ಒಂದು ತೆಳು ನಳಿಗೆ, ಅದಕ್ಕೆ ಸಿರಿಂಜು. ಎಳೆದರು. ನೀರು ಇಳಿಯಿತು.

ಮರುದಿನ ಕರೆಂಟ್ ಹೋಗಿ ಬಂತು. ಅಷ್ಟರಲ್ಲಿ ಪೈಪಿಗೆ ಗಾಳಿ ಹೊಕ್ಕಿತ್ತು. ಮೋಟರ್ ಮೇಲಕ್ಕೆ ತಳ್ಳುತ್ತಲೇ ಇತ್ತು, ಪೈಪು ಇಳಿಸಲಿಲ್ಲ. ಹಾಲ್ ಹುಸೇನ್ ಸಾಗರವಾಯಿತು. ಕೆಳಗಿನ ಮನೆಯ ಓನರ್ ಆಂಟಿ ಒದ್ದೆ ತಲೆಯಲ್ಲಿ ಮೇಲೆ ಬಂದರು.

"ಇಂಕೋ ಚುಕ್ಕ ಪಡಿತೇ ಟ್ಯಾಂಕ್ ತೀಸೇಯಾಲಿ, ಸಾರ್."

ಇನ್ನೊಂದು ಹನಿ ಬಿದ್ದರೆ ತೊಟ್ಟಿ ಹೊರಗೆ. ಕಾಕು ಗೋಡೆಯತ್ತ ಮುಖ ತಿರುಗಿಸಿ ಮಲಗಿದರು. ಅಂದಿನಿಂದ ನಾದಿನಿಯರಿಗೆ ಒಂದು ಬೈಗುಳವೂ ಇಲ್ಲ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಬಾಗಿಲ ಹೊರಗೆ ನಿಂತು ಆಂಟಿಯ ದನಿಯಲ್ಲಿ "ಸಾರ್, ಚುಕ್ಕ!" ಎಂದೆ. ಕಾಕಾ ತಲೆಯ ಸೋಪಿನ ಸಮೇತ, ನೆಲ ಒರೆಸುವ ಬಟ್ಟೆ ಹಿಡಿದು ಬಚ್ಚಲಿನಿಂದ ಓಡಿ ಬಂದರು. ಒಂದು ವಾರ ನನಗೆ ಚಹಾ ಬಂದ್.

ಆ ವಾರವೆಲ್ಲ ಕಾಕಾ ಪೈಪನ್ನು ಬಿಚ್ಚಿ, ಕೊಯ್ದು, ಅಂಟಿಸಿ ಹೊಸದಾಗಿ ಕಟ್ಟಿದರು. ಕರೆಂಟ್ ಹೋದರೂ ಇದಕ್ಕೆ ಗಾಳಿ ಹೊಗುವುದಿಲ್ಲವೆಂದು ತೋರಿಸಲು ಆಂಟಿಯನ್ನೇ ಕರೆದು ಕುರ್ಚಿ ಹಾಕಿ ಕೂರಿಸಿದರು. ಮೇನ್ ಸ್ವಿಚ್ ಆರಿಸಿದರು. ಹಾಕಿದರು. ಮೋಟರ್ ಗುಂಯ್ ಎಂದಿತು. ಪೈಪು ಮೌನ.

ಕಾಕಾ ಸಿರಿಂಜು ಎಳೆದರು. ಅದರ ಹಿಡಿ ಕಿತ್ತು ಕೈಗೆ ಬಂತು. ನೀರು ಅಂಚಿಗೆ ಎರಡು ಬೆರಳು ಕಡಿಮೆ.

"ಸ್ವಿಚ್ ಆರಿಸ್ಲೇನ್ರಿ?" ಎಂದೆ.

"ಆರಿಸಿದ್ರ ಸೋತಂಗಲೇ."

ಗೋಡೆಯತ್ತ ಮಲಗಿದ್ದ ಕಾಕು ಈ ಕಡೆ ತಿರುಗಿದ್ದರು. "ರೀ, ತುಂಬಾಕತ್ತೈತಿ."

ಕಾಕಾ ಬಗ್ಗಿದರು. ಸಿರಿಂಜು ಕಿತ್ತೆಸೆದು ನಳಿಗೆಗೆ ಬಾಯಿ ಇಟ್ಟರು. ಕೆನ್ನೆ ಒಳಗೆ ಹೋಗುವಂತೆ ಹೀರಿದರು. ಗುಡುಗುಡು ಎಂದಿತು ಪೈಪು. ನಳಿಗೆಯ ತುದಿ ಮಡಚಿ ಕಟ್ಟಿದರು. ಒಂದು ಗುಟುಕು ಹಸಿರು ನೀರು ಕಾಕಾರ ಗಂಟಲಲ್ಲಿ, ಉಳಿದದ್ದೆಲ್ಲ ಡ್ರಮ್ಮಿನಲ್ಲಿ. ಆಂಟಿ ಕಾಲ ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿದರು. ಒಣಗಿತ್ತು. "ಉಂಡನೀಯಂಡಿ," ಇರಲಿ ಬಿಡಿ ಎಂದು ಇಳಿದು ಹೋದರು.

"ಲಗೂನ ಹೋಗಿ ಬಾಯಿ ಮುಕ್ಕಳಿಸ್ರಿ," ಎಂದರು ಕಾಕು.

ಕಾಕಾ ಹೋಗಲಿಲ್ಲ. ಮಂಚದ ತುದಿಗೆ ಕೂತರು. "ತಡಿ. ಇಳ್ಯಾಕತ್ತೈತಿ, ನೋಡೂಣು."

ಇಬ್ಬರೂ ನೀರು ಇಳಿಯುವುದನ್ನೇ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಕಾಕು ಮೊಣಕೈ ಊರಿ ಮೆಲ್ಲಗೆ ಅರ್ಧ ಎದ್ದು, ತಮ್ಮ ಸೆರಗಿನ ತುದಿಯಿಂದ ಅವರ ತುಟಿ ಒರೆಸಿದರು.