ಮಾವನವರ ಅರಿಷ್ಟ

ಕುಡಿತ ಮಿತಿಯಲ್ಲಿರಬೇಕು ಎಂಬ ಮಾತನ್ನು ಒಪ್ಪದ ಕುಡುಕನನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರೂ ಒಪ್ಪುತ್ತಾರೆ. ಎರಡನೆಯ ಲೋಟ ಮುಗಿಯುವ ಹೊತ್ತಿಗಂತೂ ಕಣ್ಣಲ್ಲಿ ನೀರು ತಂದುಕೊಂಡು ಒಪ್ಪುತ್ತಾರೆ. ತಕರಾರಿರುವುದು ಮಿತಿ ಮೀರಿದವನು ಯಾರು ಎಂಬಲ್ಲಿ ಮಾತ್ರ. ಅವನು ಯಾವಾಗಲೂ ಪಕ್ಕದಲ್ಲಿ ಕೂತವನೇ. ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕಚೇರಿಯ ಗುಮಾಸ್ತ. ನನ್ನ ಪಕ್ಕದಲ್ಲಿ ಕೂತು ಕುಡಿಯುತ್ತಿದ್ದವನು ಅದೇ ಕಚೇರಿಯ ಸೆಲ್ವರಾಜ್. ಅವನ ಆರೋಗ್ಯದ ಬಗ್ಗೆ ನನಗೆ ಬಹಳ ಚಿಂತೆಯಿತ್ತು. ನನ್ನ ಬಗ್ಗೆ ಅವನಿಗೂ ಅಷ್ಟೇ ಚಿಂತೆಯಿತ್ತೆಂದು ಆಮೇಲೆ ತಿಳಿಯಿತು. ಹೀಗೆ ಒಬ್ಬರ ಚಿಂತೆಯಲ್ಲಿ ಇನ್ನೊಬ್ಬರು ಬ್ರಾಂದಿ ಕುಡಿಯುತ್ತ ಸಂಜೆಗಳನ್ನು ಕಳೆಯುತ್ತಿದ್ದೆವು.

ಗಂಡಸಿನ ಸ್ವಭಾವವೇ ವಿಚಿತ್ರ. ಗೋಡೆ ಗಡಿಯಾರ ಹಿಂದೆ ಬಿದ್ದರೆ ಅದನ್ನು ಕಂಕುಳಲ್ಲಿ ಹೊತ್ತು ಅಂಗಡಿಗೆ ಓಡುತ್ತಾನೆ. ತನ್ನ ಎದೆ ಹೊಡೆದುಕೊಳ್ಳುವುದು ತಪ್ಪಿದರೆ ಮಾತ್ರ 'ಗ್ಯಾಸು' ಎಂದು ಮಗ್ಗುಲು ಬದಲಾಯಿಸುತ್ತಾನೆ. ನನಗೂ ಬಹುಕಾಲ ಗ್ಯಾಸೇ ಆಗಿತ್ತು. ಹೊಟ್ಟೆ ಉರಿ, ತಲೆ ಭಾರ, ಬೆಳಗಿನ ಹೊತ್ತು ಕೈನಡುಕ ಎಲ್ಲವೂ ಅದರ ಲೆಕ್ಕಕ್ಕೇ ಹೋದವು. ಒಂದು ದಿನ ಸಾಹೇಬರು ನಾನು ಬರೆದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೆಲುಗೋ, ತಮಿಳೋ?" ಎಂದು ಕೇಳಿದರು. ನಮ್ಮ ಕೆ.ಜಿ.ಎಫ್‌ನಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಬರೆದದ್ದು ಇಂಗ್ಲಿಷ್.

ಸುದ್ದಿ ಸೆಲ್ವರಾಜನ ಹೆಂಡತಿಯ ಮೂಲಕ ನನ್ನ ಹೆಂಡತಿ ಸರೋಜಳಿಗೆ ತಲುಪಿತು. ಅವಳು ನನ್ನನ್ನು ರಾಬರ್ಟ್‌ಸನ್‌ಪೇಟೆಯ ಡಾಕ್ಟರರ ಮುಂದೆ ಕೂರಿಸಿದಳು. ಅವರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ಬಲಪಕ್ಕೆ ಒತ್ತಿದರು, ನಾನು "ಆಯ್" ಎಂದೆ. "ಬಿಟ್ಟುಬಿಟ್ಟರೆ ಒಳ್ಳೇದು. ಆಗಲ್ಲ ಅಂದರೆ ಅಳತೆ ಇರಲಿ. ಬರೀ ಹೊಟ್ಟೇಲಿ ಬೇಡ, ದಿನಾ ಬೇಡ" ಎಂದರು. ನನಗೆ ಕೇಳಿಸಿದ್ದು 'ಅಳತೆ ಇರಲಿ' ಎಂಬುದಷ್ಟೇ. ಸರೋಜಳಿಗೆ ಕೇಳಿಸಿದ್ದು 'ಬಿಟ್ಟುಬಿಟ್ಟರೆ ಒಳ್ಳೇದು' ಎಂಬುದಷ್ಟೇ. ಮನೆಗೆ ಬಂದು ಅವಳು ಸೊಪ್ಪು ಬಿಡಿಸುತ್ತ, ದನಿಯನ್ನೂ ಏರಿಸದೆ ಹೇಳಿದಳು: "ರಜಾ ಹಾಕಿ ನಮ್ಮಪ್ಪನ ಮನೆಗೆ ಹೋಗಿ ಇದ್ದು ಬನ್ನಿ. ಅಲ್ಲಿ ಅದರ ವಾಸನೆಯೂ ಸುಳಿಯಲ್ಲ. ವಾಪಸು ಬಂದಮೇಲೂ ಹಿಂಗೇ ಆದರೆ ಮಕ್ಕಳನ್ನ ಕರಕೊಂಡು ನಾನೇ ಅಲ್ಲಿಗೆ ಹೋಗಿಬಿಡ್ತೀನಿ." ಅವಳು ಕೂಗಾಡಿದ್ದರೆ ನಾನು ಹೆದರುತ್ತಿರಲಿಲ್ಲ.

ಮಾವ ಮುನಿಶಾಮಪ್ಪನವರ ಊರು ಬಂಗಾರಪೇಟೆಗೆ ನಡೆದು ಹೋಗುವಷ್ಟು ಹತ್ತಿರ. ಹೊಲ, ಎರಡು ಹಸು, ಊರಲ್ಲಿ ದೊಡ್ಡ ಮಾತು. ಆ ಮಾತುಗಳಲ್ಲಿ ಅತಿ ದೊಡ್ಡದು ಕುಡಿತದ ವಿರುದ್ಧದ್ದು. ಕುಡುಕರ ಮನೆಯ ನೀರೂ ಮುಟ್ಟದ ಮನುಷ್ಯ. ಅಂಥವರು ನನಗೆ ಮಗಳನ್ನು ಕೊಟ್ಟದ್ದು ಆಗ ನಾನು ಬರೀ ಕಾಫಿ ಕುಡಿಯುತ್ತಿದ್ದೆ ಎಂಬ ಕಾರಣಕ್ಕೆ. ಅತ್ತೆ ತೀರಿಕೊಂಡ ಮೇಲೆ ಅವರ ವಿಧವೆ ತಂಗಿ ಮನೆ ನೋಡಿಕೊಳ್ಳುತ್ತಿದ್ದರು. ನಾನು ಹೋದ ಸಂಜೆ ಜಗುಲಿಯಲ್ಲಿ ಕೂರಿಸಿಕೊಂಡು ಮಾವ ಶುರುಮಾಡಿದರು. "ಸರೋಜ ಎಲ್ಲಾ ಯೋಳಿ ಕಳ್ಸವ್ಳೆ. ನೀವು ಓದಿದೋರು, ನಿಮಗೆ ನಾನು ಯೋಳೋದೇನಿಲ್ಲ" ಎಂದು ಹೇಳಿ, ಕತ್ತಲಾಗುವವರೆಗೂ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಿಜವಾಗಿಯೂ ನಾಚಿಕೆಯಾಗಿತ್ತು.

ಒಳಗಿನಿಂದ ಅವರ ತಂಗಿ, "ಅಣ್ಣಾ, ಔಸ್ದಿ ಕುಡ್ಕೊಂಡು ಬಾ, ಮುದ್ದೆ ಆರೋಯ್ತದೆ" ಎಂದು ಕರೆದರು. ಮಾವ ಎದ್ದು ಗೋಡೆಯ ಗೂಡಿನಿಂದ ಕಪ್ಪನೆಯ ಸೀಸೆ ತೆಗೆದು ಹಿತ್ತಾಳೆ ಲೋಟಕ್ಕೆ ಬಗ್ಗಿಸಿದರು. ದ್ರಾಕ್ಷಾರಿಷ್ಟ. ಬಂಗಾರಪೇಟೆಯ ಪಂಡಿತರು ಜೀರ್ಣಕ್ಕೆಂದು ಕೊಟ್ಟಿದ್ದಂತೆ. "ನಿಮ್ಮತ್ತೆ ಓದ್ಮೇಲಿಂದ ಅನ್ನ ಒಳಕ್ಕೆ ಇಳಿಯಾಕಿಲ್ಲ ಕಣಪ್ಪ" ಎಂದರು. ಪಂಡಿತರು ಎರಡು ಚಮಚ ಅಂದಿದ್ದರಂತೆ. ಚಮಚ ಹಾಲುಗೂಸಿಗೆ ಎಂಬುದು ಮಾವನ ಅಭಿಪ್ರಾಯ. ಲೋಟದಿಂದ ಎದ್ದ ಹುಳಿ ಸಿಹಿ ವಾಸನೆ ನನ್ನ ಮೂಗಿಗೆ ಬಡಿಯಿತು. ಕಳೆದುಹೋದ ನೆಂಟನೊಬ್ಬ ಸಂತೆಯಲ್ಲಿ ಎದುರಾದಂತಾಯಿತು. ಹಣ್ಣಿನ ರಸ ಬೆಲ್ಲದ ಜೊತೆ ಗಡಿಗೆಯಲ್ಲಿ ತಿಂಗಳುಗಟ್ಟಲೆ ಕೂತರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ಸಂಜೆ ನನಗೂ ಅಜೀರ್ಣವಾಯಿತು. ಮಾವ ಕನಿಕರಪಟ್ಟು ಇನ್ನೊಂದು ಲೋಟ ತರಿಸಿದರು. ಅಲ್ಲಿಂದ ಮುಂದೆ ನಮ್ಮಿಬ್ಬರ ಜೀರ್ಣಶಕ್ತಿ ಒಟ್ಟೊಟ್ಟಿಗೆ ಕೆಡುತ್ತ ಹೋಯಿತು. ಲೋಟ ಕೈಗೆ ಬರುವವರೆಗೂ ನಾನು ಅವರಿಗೆ 'ನೀವು'. ಅರ್ಧ ಇಳಿದ ಮೇಲೆ 'ನೀನು'. ಪೂರ್ತಿ ಇಳಿದ ಮೇಲೆ "ಅಲ್ಲ ಕಣ್ಲಾ, ನಿನ್ನಂತೋನು ಯಾಕ್ಲಾ ಕುಡಿಯೋದು ಕಲ್ತೆ?" ಎಂದು ನನ್ನ ಬೆನ್ನು ಸವರಿ ಕಣ್ಣೊರೆಸಿಕೊಳ್ಳುತ್ತಿದ್ದರು. "ತಪ್ಪಾಯ್ತು ಮಾವ" ಎಂದು ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಮಾವ ಅಳಿಯ ಅಷ್ಟು ಅನ್ಯೋನ್ಯವಾಗಿದ್ದೇ ಇಲ್ಲ. ಹಗಲೆಲ್ಲ ನಾನು ಹೊಲದಲ್ಲಿ ಸುತ್ತಿ, ಮಜ್ಜಿಗೆ ಕುಡಿದು, ಕೈ ನಡುಗದೆ ಮುಖ ಕ್ಷೌರ ಮಾಡಿಕೊಂಡೆ. ಸರೋಜಳಿಗೆ, 'ಹವೆ ಹಿಡಿಸಿದೆ' ಎಂದು ಕಾಗದ ಬರೆದೆ. ಅಕ್ಷರ ದುಂಡಾಗಿ ಬಂತು.

ಪಂಡಿತರು ನೆಂಟರ ಮದುವೆಗೆಂದು ಅಂಗಡಿಗೆ ಬೀಗ ಹಾಕಿ ಹೋದ ವಾರವೇ ಗೂಡಿನ ಸೀಸೆ ಬರಿದಾಯಿತು. ಮೊದಲ ಸಂಜೆ ಮಾವ, "ಓಗ್ಲಿ ಬಿಡಿ, ಇವತ್ತು ಒಟ್ಟೆ ಚೆನ್ನಾಗೇ ಐತೆ" ಎಂದರು. ಆದರೆ ಮುದ್ದೆ ಮುರಿಯದೆ ಎದ್ದುಹೋದರು. ಅದರ ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಕಡೆಯಿಂದ ಬೈಗುಳ ಕೇಳಿಸಿತು. ಮಾವನಿಗೆ ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತಿತ್ತು. ಹೋಗಿ ನೋಡಿದೆ. ಚೊಂಬನ್ನು ಮಂಡಿಗಳ ನಡುವೆ ಇಟ್ಟುಕೊಂಡು ಹಸುವಿನ ಕೆಳಗೆ ಕೂತಿದ್ದರು. ಬೆರಳು ಕೆಚ್ಚಲನ್ನು ನೆಟ್ಟಗೆ ಹಿಡಿಯುತ್ತಿರಲಿಲ್ಲ. ಹಾಲು ಚೊಂಬಿಗೆ ಬೀಳದೆ ಪಂಚೆಯ ಮೇಲೆ ಚೆಲ್ಲುತ್ತಿತ್ತು. ಹಸು ಕತ್ತು ತಿರುಗಿಸಿ ಯಜಮಾನನನ್ನೇ ನೋಡುತ್ತಿತ್ತು. ನನ್ನನ್ನು ಕಂಡು ಮಾವ ಕೈಗಳನ್ನು ಪಂಚೆಯೊಳಗೆ ಸೇರಿಸಿಕೊಂಡು, "ಚಳಿ ಕಣಪ್ಪ" ಎಂದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆ ಚಳಿಯ ಪರಿಚಯ ನನಗೆ ಚೆನ್ನಾಗಿತ್ತು. ಕಚೇರಿಯಲ್ಲಿ ಮಸಿಕುಡಿಕೆಯ ಮುಂದೆ ನಾನೂ ಹಾಗೇ ಕೈಗಳನ್ನು ಮೇಜಿನ ಕೆಳಗೆ ಸೇರಿಸಿಕೊಳ್ಳುತ್ತಿದ್ದೆ. ಇನ್ನೊಬ್ಬರ ಮೈಮೇಲೆ ನೋಡಿದಾಗ ಅದು ಗ್ಯಾಸು ಎನ್ನಿಸಲಿಲ್ಲ. ಹೆದರಿಕೆಯಾಯಿತು.

ಚೊಂಬನ್ನು ಇಸಕೊಂಡು, "ಮಾವ, ಕೆ.ಜಿ.ಎಫ್‌ಗೆ ಹೋಗೋಣ, ಡಾಕ್ಟರಿಗೆ ತೋರಿಸೋಣ" ಎಂದೆ. "ನಂಗೇನಾಗೈತೆ?" ಎಂದು ಗದರಿದರು. ಆಮೇಲೆ ಎದ್ದು ನಿಲ್ಲಲಾರದೆ ನನ್ನ ಹೆಗಲು ಹಿಡಿದರು. ಬಂಗಾರಪೇಟೆಯವರೆಗೆ ಗಾಡಿಯಲ್ಲಿ ಬಂದು ರೈಲು ಹತ್ತಿದೆವು. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ಮಾವ, ರೈಲು ಹೊರಟ ಮೇಲೆ ಮೆಲ್ಲಗೆ ಹೇಳಿದರು: "ಅದು ಬರೀ ಔಸ್ದಿ ಅಲ್ಲ ಅಂತ ನಂಗೂ ಗೊತ್ತಾಗಿತ್ತು. ಸರೋಜಂಗೆ ಮಾತ್ರ ಯೋಳ್ಬೇಡಿ ಕಣಪ್ಪ." ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಇಬ್ಬರ ಕೈಗಳಲ್ಲಿ ನಡುಗುತ್ತಿದ್ದದ್ದು ಯಾವುದೆಂದು ಹೇಳುವುದು ಕಷ್ಟವಿತ್ತು.

ಬಾಗಿಲು ತೆಗೆದ ಸರೋಜ ಅಪ್ಪನ ಬಿಳಿಚಿದ ಮುಖ, ಅದುರುವ ಕೈ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಅಪ್ಪನನ್ನು ನೋಡಿದಳು. ಅವಳು ಬುದ್ಧಿವಂತೆ. ಆ ನಡುಕ ಏನೆಂದು ಅವಳಿಗೂ ಗೊತ್ತಿತ್ತು. ಎಲ್ಲಿಂದ ಬಂತೆಂಬ ಲೆಕ್ಕ ಮಾತ್ರ ತಪ್ಪಿತು. "ನಮ್ಮಪ್ಪನಿಗೂ ಕಲಿಸಿಬಿಟ್ಟಿರಾ?" ಎಂದಳು. ನಾನು ಮಾವನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಾತು ಕೊಟ್ಟಾಗಿತ್ತು. ಜೀವನದಲ್ಲಿ ಒಮ್ಮೆ ನಾನು ನಿರಪರಾಧಿಯಾಗಿದ್ದೆ, ಆಗಲೇ ಬಾಯಿ ತೆರೆಯುವ ಹಾಗಿರಲಿಲ್ಲ. ಡಾಕ್ಟರರ ಮನೆಯವರೆಗೂ ಅವಳು ನನ್ನಿಂದ ದೂರವಾಗಿ, ಅಪ್ಪನ ತೋಳು ಹಿಡಿದುಕೊಂಡು ನಡೆದಳು.

ಡಾಕ್ಟರು ಮಾವನ ಕಣ್ಣುರೆಪ್ಪೆ ಬಿಡಿಸಿ ನೋಡಿ, "ಪೆರಿಯವರೇ, ಕುಡೀತೀರಾ?" ಎಂದು ಹಿರಿಯರಿಗೆ ಸಲ್ಲುವ ತಮಿಳು ಮರ್ಯಾದೆಯಲ್ಲೇ ಕೇಳಿದರು.

"ನಮ್ಮಪ್ಪ ಜನ್ಮದಲ್ಲಿ ಮುಟ್ಟಿದೋರಲ್ಲ. ಎಲ್ಲಾ ಇವರ ಸಹವಾಸ" ಎಂದು ಸರೋಜ ನನ್ನತ್ತ ಕೈ ತೋರಿಸಿದಳು. ಅವಳ ದನಿ ಒಡೆಯಿತು. ಮಗಳು ಅತ್ತದ್ದನ್ನು ಮಾವ ನೋಡಿದರು. ಮೀಸೆ ಒಮ್ಮೆ ತಿರುವಿಕೊಂಡು ಬಾಯಿಬಿಟ್ಟರು.

"ಅಳಿಯಂದೇನೂ ತಪ್ಪಿಲ್ಲ ಕಣಮ್ಮ. ನಿಮ್ಮವ್ವ ಓದ್ಮೇಲಿಂದ ನಾನೇ ಕುಡೀತಿವ್ನಿ. ಅರಿಷ್ಟ. ಪಂಡಿತ ಯೋಳಿದ್ದು ಚಮಚ, ನಾನು ಕುಡಿದಿದ್ದು ಲೋಟ. ಇವ್ನು ಬರೋಕ್ಮುಂಚಿಂದ್ಲೂವೆ."

ನನ್ನ ಎದೆ ಹಿಗ್ಗಿತು. ಸರೋಜ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿದ್ದ ಪಶ್ಚಾತ್ತಾಪಕ್ಕಾಗಿ ನಾನು ಮದುವೆಯಾದಂದಿನಿಂದ ಕಾಯುತ್ತಿದ್ದೆ. ಹುತಾತ್ಮನಂತೆ ಮುಖ ಮಾಡಿ ಕೂತೆ. ಅಷ್ಟರಲ್ಲಿ ಮಾವ, ಸತ್ಯ ಹೇಳಲು ಹೊರಟ ಮೇಲೆ ಅರ್ಧಕ್ಕೆ ನಿಲ್ಲಿಸುವ ಅಭ್ಯಾಸವಿಲ್ಲದ ಮನುಷ್ಯ, ಮುಂದುವರಿಸಿದರು: "ಸೀಸೆ ಬಿರ್ರನೆ ಕಾಲಿ ಆಗಿದ್ದು ಮಾತ್ರ ಇವ್ನಿಂದ."

ಡಾಕ್ಟರು ಕೆಮ್ಮುವವರಂತೆ ಕರವಸ್ತ್ರ ಬಾಯಿಗೆ ಹಿಡಿದರು. ಆಮೇಲೆ ಗಂಭೀರವಾಗಿ ಹೇಳಿದರು. ವರ್ಷಗಟ್ಟಲೆ ಕುಡಿದದ್ದನ್ನು ಒಂದೇ ಸಲಕ್ಕೆ ನಿಲ್ಲಿಸಿದ್ದಕ್ಕೆ ಮೈ ಹೀಗೆ ತಿರುಗಿಬಿದ್ದಿದೆ, ಈ ವಯಸ್ಸಿನಲ್ಲಿ ಅದು ಅಪಾಯ, ಕೆಲವು ದಿನ ನಮ್ಮ ಮನೆಯಲ್ಲೇ ಇದ್ದು ದಿನವೂ ತಮಗೆ ತೋರಿಸಬೇಕು. ಕುಡಿತ ಬಿಡುವುದನ್ನೂ ಡಾಕ್ಟರನ್ನು ಕೇಳಿಯೇ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದನ್ನೇ ನೆಪ ಮಾಡಿಕೊಳ್ಳುತ್ತಿದ್ದೆ. ಸರೋಜ ಇಬ್ಬರಿಗೂ ಒಂದೇ ಗಂಜಿ, ಒಂದೇ ಗದರಿಕೆ ಬಡಿಸಿದಳು. ಸಂಜೆಯ ಹೊತ್ತು ಮಾವನಿಗೆ ಅತ್ತೆಯ ನೆನಪಾಗುತ್ತಿತ್ತು. ಆಗ ಇಬ್ಬರೂ ಪೇಟೆ ಬೀದಿಯಲ್ಲಿ ಸುಮ್ಮನೆ ನಡೆದು ಬರುತ್ತಿದ್ದೆವು. ಲೋಟವಿಲ್ಲದೆಯೂ ಅವರು ನನ್ನನ್ನು 'ನೀನು' ಎನ್ನತೊಡಗಿದರು.

ಮಾವ ಗುಣವಾಗಿ ಊರಿಗೆ ಹೋದವರು ಅರಿಷ್ಟದ ಕಡೆ ತಲೆ ಹಾಕಲಿಲ್ಲ. ನಾನೂ ಪೂರ್ತಿ ಬಿಟ್ಟೆ ಎಂದು ಬರೆದರೆ ಚೆಂದ. ಆದರೆ ಇದನ್ನು ಸರೋಜ ಓದುತ್ತಾಳೆ. ಹಬ್ಬ ಹುಣ್ಣಿಮೆಗೊಮ್ಮೆ, ಊಟದ ಜೊತೆ, ಅವಳೇ ಅಳೆದು ಕೊಟ್ಟಷ್ಟು. ಇನ್ನು ಆ ಊರಿನ ವಿಷಯ. ಅಲ್ಲಿ ಈಗ ಯಾರ ಮನೆಯ ಗಂಡಸು ಕುಡಿದು ಬಿದ್ದರೂ ಮಾವ ಜಗುಲಿಗೆ ಕರೆಸುತ್ತಾರೆ. ನಾನು ಹೋದಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ನಮ್ಮ ಅಳಿಯನ್ನೇ ನೋಡ್ರಲಾ, ಎಂಗಿದ್ದ, ಎಂಗಾದ. ನಾನೇ ಡಾಕ್ಟ್ರತಾವ ಕರ್ಕೊಂಡೋಗಿ ಬಿಡಿಸ್ದೆ" ಎನ್ನುತ್ತಾರೆ. ಊರ ಜನ ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅವರ ಕೈ ಈಗ ಹಾಲು ಚೆಲ್ಲದೆ ಕರೆಯುತ್ತದೆ, ಅಷ್ಟು ಸಾಕು. ತಿದ್ದಿದರೂ ನಂಬುವವರು ಯಾರು? ಹಾಗಾಗಿ ತಲೆ ತಗ್ಗಿಸಿ, ಉದ್ಧಾರವಾದ ಕುಡುಕನ ಮುಖ ಮಾಡಿಕೊಂಡು ಕೂರುತ್ತೇನೆ. ಬಹಳ ಸಹಜವಾಗಿ ಕೂರುತ್ತದೆ ಆ ಮುಖ. ಮೊದಲಿನಿಂದಲೂ ನನ್ನದು ಹಾಗೇ ಇದೆ ಎನ್ನುತ್ತಾಳೆ ಸರೋಜ.